ಥಲಸ್ಸೇಮಿಯಾ ವಾಹಕಿ: ಮದುವೆ ನಿಲ್ಲಿಸಬೇಕೇ?

ಶಾರದಾ: ತಂಗಿಯ ಮಗಳಿಗೆ ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಎ2 (ಹಿಮೋಗ್ಲೋಬಿನ್ನಿನ ಒಂದು ಬಗೆ) ಶೇ 5.1, ಅಂದರೆ ಹೆಚ್ಚು ಬಂದಿದೆ, ಬೀಟಾ ಥಲಸ್ಸೇಮಿಯಾ ವಾಹಕಿಯಂತೆ. ನಮ್ಮಣ್ಣನ ಮಗನಿಗೇ ಕೊಡುವ ಮಾತಾಗಿದೆ. ಕಬ್ಬಿಣದ ಮಾತ್ರೆಯಿಂದ ಸರಿಹೋಗುತ್ತದೆಯೇ?

ಗಿರೀಶ (ಪ್ರಯೋಗಾಲಯ ತಂತ್ರಜ್ಞ): ಅಕ್ಕಾ, ಹುಡುಗಿ ರೋಗಿಯಲ್ಲ, ಈ ಆನುವಂಶಿಕ ರಕ್ತರೋಗದ ಒಂದು ಜೀನ್ ಹೊತ್ತವಳಷ್ಟೇ, ದಯವಿಟ್ಟು ಅವಳನ್ನು ಹಾಗೆ ನೋಡಬೇಡಿ. ಇದು ಮಾತ್ರೆಯಿಂದ ಹೋಗುವುದಲ್ಲ. ಫೆರಿಟಿನ್ (ದೇಹದ ಕಬ್ಬಿಣದ ಸಂಗ್ರಹ ತೋರಿಸುವ ಅಂಶ) ಪರೀಕ್ಷಿಸದೆ ಕಬ್ಬಿಣ ಕೊಡಲೇಬೇಡಿ. ಹುಡುಗನಿಗೂ ಇದೇ ರಕ್ತಪರೀಕ್ಷೆ ಮಾಡಿಸಿ. ರಕ್ತಸಂಬಂಧವಿರುವುದರಿಂದ ಅವನಲ್ಲೂ ಅದೇ ಜೀನ್ ಇರುವ ಸಾಧ್ಯತೆ ಹೆಚ್ಚು. ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ತೀವ್ರ ರೋಗ ಬರುವ ಸಾಧ್ಯತೆ ಶೇ 25. ಎರಡು ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಳ್ಳುವ ಪುಟ್ಟ ಮಕ್ಕಳನ್ನು ನೋಡುವಾಗ ಕರುಳು ಹಿಂಡುತ್ತದೆ. ಸೈಪ್ರಸ್ ದೇಶ ಮದುವೆಗೆ ಮುಂಚಿನ ಪರೀಕ್ಷೆಯಿಂದ ಇಂಥ ಜನನಗಳನ್ನು ಬಹುತೇಕ ತಡೆದಿದೆ.

ವಸುಧಾ: ಇಬ್ಬರೂ ವಾಹಕರಾದರೂ ದಾರಿಯಿದೆ. ಬಸಿರಿನ ಹನ್ನೊಂದನೇ ವಾರದ ಸುಮಾರಿಗೆ ಭ್ರೂಣದ ಜೀನ್ ಪರೀಕ್ಷೆ ಸಾಧ್ಯ. ಮೊದಲೇ ತಳಿ ಸಲಹೆಗಾರರನ್ನು (ಆನುವಂಶಿಕ ರೋಗಗಳ ಬಗ್ಗೆ ಸಲಹೆ ಕೊಡುವವರನ್ನು) ಕಾಣಿ.

ಶಾರದಾ: ಅಣ್ಣನಿಗೆ ಇಂದೇ ಹೇಳುತ್ತೇನೆ.