ಡಾರ್ಕ್‌ನೆಟ್ ಸಂದೇಶ, ಮನೆತನದ ಗುಂಪಿನಲ್ಲಿ ವಾದ

ದೊಡ್ಡಕಾಕಾ (ಬ್ರಹ್ಮಪುರ, ಕಲಬುರಗಿ): ಬಂದದ್ದನ್ನು ಹಾಗೆಯೇ ಕಳಿಸುತ್ತಿದ್ದೇನೆ. “ಡಾರ್ಕ್‌ನೆಟ್‌ನಲ್ಲಿ ಮಾದಕ ವಸ್ತು ಮಾರುವವರೂ ಕೊಳ್ಳುವವರೂ ಯಾವ ಪೊಲೀಸರಿಗೂ ಸಿಗುವುದಿಲ್ಲ. ಇಂದೇ ಮಕ್ಕಳ ಫೋನ್ ಕಸಿದುಕೊಳ್ಳಿ.” ನಮ್ಮ ಕಾಲದಲ್ಲಿ ಬೀಡಿ ಮುಟ್ಟಲಿಕ್ಕೂ ಹಿರಿಯರ ಹೆದರಿಕೆ ಇತ್ತು.

ಸವಿತಾ: ಕಾಕಾ, ಇದನ್ನು ಬರೆದವರು ಯಾರು, ಆಧಾರ ಯಾವುದು? ಡಾರ್ಕ್‌ನೆಟ್ ಅಂದರೆ ವಿಶೇಷ ತಂತ್ರಾಂಶದಿಂದ ಮಾತ್ರ ತೆರೆಯುವ, ಗುರುತು ಮರೆಸುವ ಇಂಟರ್ನೆಟ್ ಭಾಗ. 2017ರಲ್ಲಿ ಡಚ್ ಪೊಲೀಸರು ಅಲ್ಲಿಯ ‘ಹನ್ಸಾ’ ಎಂಬ ಮಾರುಕಟ್ಟೆಯನ್ನು ಗುಟ್ಟಾಗಿ ವಶಕ್ಕೆ ಪಡೆದು ಸುಮಾರು ಒಂದು ತಿಂಗಳು ತಾವೇ ನಡೆಸಿದರು. ಅದೇ ಹೊತ್ತಿಗೆ ‘ಆಲ್ಫಾಬೇ’ ಎಂಬ ಇಂಥದೇ ಇನ್ನೊಂದು ಮಾರುಕಟ್ಟೆ ಮುಚ್ಚಿದ್ದರಿಂದ ಅದರ ಗಿರಾಕಿಗಳು ತಾವಾಗಿಯೇ ಹನ್ಸಾಕ್ಕೆ ಬಂದು ಸೇರಿದರು, ಸಾವಿರಾರು ವಿಳಾಸಗಳು ಪೊಲೀಸರ ಕೈಗೆ ಸಿಕ್ಕವು.

ರೇವಣಸಿದ್ದ: ಅಕ್ಕ, ಶರಣಬಸವೇಶ್ವರರ ಜಾತ್ರೆಯಲ್ಲಿ ಆಯಿ ಎಲ್ಲ ಬಳೆ ಅಂಗಡಿ ತಿರುಗಿ, ಕೊನೆಗೆ ಗುರುತಿನವನ ಹತ್ತಿರವೇ ಕೊಳ್ಳುತ್ತಿದ್ದಳು. ಮುಖವನ್ನೇ ಕಾಣದವನಿಗೆ ಇವರು ದುಡ್ಡು ಹೇಗೆ ಕೊಡುತ್ತಾರೆ?

ಸವಿತಾ: ಹಿಂದಿನ ಗಿರಾಕಿಗಳು ಕೊಟ್ಟ ಅಂಕಗಳೇ ಅಲ್ಲಿ ಗುರುತು. ಸರಕು ಮುಟ್ಟಿತೆಂದು ಕೊಂಡವನು ಒಪ್ಪುವವರೆಗೆ ದುಡ್ಡು ಸಾಮಾನ್ಯವಾಗಿ ಮಾರುಕಟ್ಟೆ ನಡೆಸುವವರ ಬಳಿ ಇರುತ್ತದೆ. ‘ಸಿಲ್ಕ್ ರೋಡ್’ ಎಂಬ ಇಂಥದೇ ಮಾರುಕಟ್ಟೆ 2011ರಿಂದ 2013ರವರೆಗೆ ನಡೆಯಿತು; ಅದರ ಕುರಿತ ಒಂದು ಅಧ್ಯಯನದಲ್ಲಿ ಗಿರಾಕಿಗಳ ಶೇ 97ಕ್ಕಿಂತ ಹೆಚ್ಚು ಅಭಿಪ್ರಾಯಗಳು ಒಳ್ಳೆಯವೇ ಆಗಿದ್ದವು. ಎಲ್ಲರ ಹೆಸರೂ ಅಷ್ಟು ಚೊಕ್ಕಟವಾಗಿರುವಲ್ಲಿ ಒಂದೆರಡು ದೂರುಗಳೂ ಮಾರುವವನಿಗೆ ಭಾರವಾಗುತ್ತವೆ. ಅಂಚೆಯ ಪೊಟ್ಟಣ ಸುಂಕದವರ ಕೈಗೆ ಸಿಕ್ಕರೆ ಸರಕು ಮುಟ್ಟಲಿಲ್ಲವೆಂದು ದೂರು ಬರುತ್ತದೆ, ಆದ್ದರಿಂದ ಬಿಗಿಯಾಗಿ ತಪಾಸಣೆ ಮಾಡುವ ದೇಶಗಳಿಗೆ ಕಳಿಸಲು ಕೆಲವರು ಹಿಂಜರಿಯುತ್ತಾರೆ.

ಸುಭಾಷ ಮಾಮಾ: “ಎಲ್ಲರೂ ಚಲೋ ಅಂತಾರೆ” ಎಂದು ಹೇಳಿಯೇ ರೇವಣಸಿದ್ದ ನಮ್ಮನ್ನು ಚೀಟಿಗೆ ಸೇರಿಸಿದ. ನಡೆಸುವವನು ಊರು ಬಿಟ್ಟ.

ರೇವಣಸಿದ್ದ: ಮಾಮಾ, ನನ್ನ ದುಡ್ಡೂ ಹೋಯಿತಲ್ಲ. ಅದನ್ನು ಎಷ್ಟು ಸಲ ಎತ್ತುತ್ತೀರಿ?

ಸವಿತಾ: ಮಾಮಾ, ಅಲ್ಲಿಯೂ ಹಾಗೆಯೇ ಆಗಿದೆ. 2015ರ ಮಾರ್ಚ್‌ನಲ್ಲಿ ‘ಎವಲ್ಯೂಷನ್’ ಎಂಬ ಮಾರುಕಟ್ಟೆ ನಡೆಸುತ್ತಿದ್ದವರು, ಗಿರಾಕಿಗಳೂ ಮಾರುವವರೂ ತಮ್ಮ ಬಳಿ ಇರಿಸಿದ್ದ ಬಿಟ್‌ಕಾಯಿನ್ ಎಂಬ ಡಿಜಿಟಲ್ ಹಣದ ಸಮೇತ ಮಾಯವಾದರು. ಚೀಟಿಯ ಬಗ್ಗೆ ನೀವು ಠಾಣೆಗೆ ಹೋಗಬಹುದಿತ್ತು. ಮಾದಕ ವಸ್ತು ಕೊಂಡವನು ಯಾರ ಬಾಗಿಲಿಗೆ ಹೋದಾನು? ಇನ್ನೊಂದು ಮಾತು, ನನ್ನನ್ನು ಹೆಚ್ಚು ಕಾಡುವುದು ಇದೇ: ಪೊಟ್ಟಣ ಹೊತ್ತಿಗೆ ಬಂತೆಂದು ಅಂಕ ಕೊಟ್ಟವನಿಗೆ ಅದರೊಳಗೆ ಏನು ಬೆರೆಸಿದ್ದಾರೆಂದು ತಿಳಿದಿರುವುದಿಲ್ಲ. ಅದನ್ನು ಪ್ರಯೋಗಾಲಯವೇ ಹೇಳಬೇಕು. ಕಾಕಾ, ಹುಡುಗರಿಗೆ ತಿಳಿಸಬೇಕಾದದ್ದು ಇದು. ಫೋನ್ ಕಸಿದುಕೊಂಡರೆ ತಿಳಿಯುವುದಿಲ್ಲ.

ದೊಡ್ಡಕಾಕಾ: ಹಾಗಾದರೆ ಬೆಂಗಳೂರಿನಲ್ಲಿರುವ ಮೊಮ್ಮಗನಿಗೆ ನೀನೇ ಫೋನ್ ಮಾಡಿ ಹೇಳು, ತಂಗಿ. ನಾನು ಮಾತು ತೆಗೆದರೆ ಅವನು ಇಟ್ಟುಬಿಡುತ್ತಾನೆ.