'ದ ರೋಸ್ ಸ್ಮೆಲ್ಸ್ ಸ್ವೀಟ್ಲಿ' ಯಾಕೆ ತಪ್ಪು? ಲಿಂಕಿಂಗ್ ವರ್ಬ್ ಕಲಿಸುವ ಬಗ್ಗೆ ಚರ್ಚೆ

ಹೈಸ್ಕೂಲ್_ಇಂಗ್ಲಿಷ್
ತಪ್ಪು ಹುಡುಕುವ ಪ್ರಶ್ನೆಗಳಲ್ಲಿ 'ದ ರೋಸ್ ಸ್ಮೆಲ್ಸ್ ಸ್ವೀಟ್ಲಿ' ಪದೇ ಪದೇ ಬರುತ್ತೆ. ಹತ್ತನೇ ಕ್ಲಾಸಿನ ಮಕ್ಕಳಷ್ಟೇ ಅಲ್ಲ, ಬ್ಯಾಂಕ್ ಪರೀಕ್ಷೆಗೆ ಓದುವವರೂ ಇದರಲ್ಲಿ ತಪ್ಪೇ ಇಲ್ಲ ಅಂತ ಮುಂದೆ ಹೋಗ್ತಾರೆ. 'ಸ್ವೀಟ್' ಆಗಬೇಕು ಅಂದರೆ, 'ಕ್ರಿಯಾಪದದ ಜೊತೆ ಅಡ್ವರ್ಬ್ (ಕ್ರಿಯಾವಿಶೇಷಣ) ತಾನೇ ಬರೋದು?' ಅಂತ ಕೇಳ್ತಾರೆ. ಬಿ, ಬಿಕಮ್, ಸೀಮ್, ಅಪಿಯರ್, ಲುಕ್, ಫೀಲ್, ಟೇಸ್ಟ್, ಸ್ಮೆಲ್, ಸೌಂಡ್, ರಿಮೇನ್, ಗ್ರೋ, ಟರ್ನ್ ಅಂತ ಲಿಂಕಿಂಗ್ ವರ್ಬ್‌ಗಳ (ಕರ್ತೃವನ್ನು ಅದರ ಗುಣ ಅಥವಾ ಗುರುತಿಗೆ ಜೋಡಿಸುವ ಕ್ರಿಯಾಪದಗಳ) ಪಟ್ಟಿ ಬಾಯಿಪಾಠ ಮಾಡಿಸಿದರೆ ಸಾಕೇ?

ತುಂಗಾತೀರ
ಸಾಲದು ಸರ್. ಆ ಪಟ್ಟಿಯ ಮುಕ್ಕಾಲು ಪದಗಳು ಲಿಂಕಿಂಗ್ ಆಗಿಯೂ ಕೆಲಸ ಹೇಳುವ ಕ್ರಿಯಾಪದವಾಗಿಯೂ ಎರಡೂ ಕಡೆ ದುಡಿಯುತ್ತವೆ. 'ದ ಕುಕ್ ಟೇಸ್ಟೆಡ್ ದ ಸೂಪ್ ಕೇರ್‌ಫುಲಿ' ಅಂದಾಗ ಅಡುಗೆಯವನು ರುಚಿ ನೋಡುವ ಕೆಲಸ ಮಾಡುತ್ತಿದ್ದಾನೆ, ಹಾಗಾಗಿ ಅಡ್ವರ್ಬ್ ಬೇಕು. 'ದ ಸೂಪ್ ಟೇಸ್ಟೆಡ್ ಸಾಲ್ಟಿ' ಅಂದಾಗ ಸೂಪ್ ಯಾವ ಕೆಲಸವನ್ನೂ ಮಾಡುತ್ತಿಲ್ಲ. ಉಪ್ಪು ಎಂಬ ಗುಣ ಸೂಪಿನದು. ಸುಲಭದ ಪರೀಕ್ಷೆ: ಆ ಕ್ರಿಯಾಪದ ತೆಗೆದು 'ವಾಸ್' ಹಾಕಿ. 'ದ ಸೂಪ್ ವಾಸ್ ಸಾಲ್ಟಿ' ನಿಲ್ಲುತ್ತದೆ. 'ದ ಕುಕ್ ವಾಸ್ ದ ಸೂಪ್' ಅಂದರೆ ಅಡುಗೆಯವನೇ ಸೂಪಾದ!

ಕರಡು_ತಿದ್ದುವವ
ಈ ಪರೀಕ್ಷೆಯೊಂದನ್ನೇ ನಂಬಿದರೆ ಕೆಡುತ್ತೀರಿ. 'ಹಿ ವೆಂಟ್ ಹೋಮ್' ತಗೊಳ್ಳಿ. 'ಹಿ ವಾಸ್ ಹೋಮ್' ಅಂತ ಸಲೀಸಾಗಿ ಬರುತ್ತದೆ, ಆದರೆ ಇಲ್ಲಿ 'ವೆಂಟ್' ಶುದ್ಧ ಚಲನೆ. ಇನ್ನು 'ಹಿ ಡೈಡ್ ಯಂಗ್', 'ಶಿ ಸ್ಟುಡ್ ಸೈಲೆಂಟ್': ಅಡ್ಜೆಕ್ಟಿವ್ (ಗುಣವಾಚಕ) ಬಂದಿದೆ, 'ವಾಸ್' ಕೂಡ ಹೊಂದುತ್ತದೆ, ಆದರೆ 'ಡೈ'ಯನ್ನು ಯಾರೂ ಲಿಂಕಿಂಗ್ ಪಟ್ಟಿಗೆ ಸೇರಿಸುವುದಿಲ್ಲ. 'ಹಿ ಡೈಡ್' ಅಂತಲೇ ವಾಕ್ಯ ಮುಗಿಯುತ್ತದೆ. 'ಹಿ ಬಿಕೇಮ್' ಅಂದರೆ ಕೇಳುವವರು ಕಾಯುತ್ತಲೇ ಇರುತ್ತಾರೆ. ಹಾಗಾಗಿ ಎರಡನೇ ಪರೀಕ್ಷೆ: ಮುಂದಿನ ಪದ ತೆಗೆಯಿರಿ. ವಾಕ್ಯ ಅರ್ಧಕ್ಕೆ ನಿಂತರೆ, ಅಥವಾ ಉಳಿದ ಕ್ರಿಯಾಪದದ ಅರ್ಥವೇ ಬೇರೆಯಾದರೆ, ಅದು ಲಿಂಕಿಂಗ್. 'ಶಿ ಅಪಿಯರ್ಡ್ ಕಾಮ್' ಅಂದರೆ ಶಾಂತವಾಗಿದ್ದಂತೆ ಕಂಡಳು. 'ಕಾಮ್' ತೆಗೆದರೆ 'ಪ್ರತ್ಯಕ್ಷಳಾದಳು' ಅಂತ ಆಗುತ್ತದೆ. ಹಳೆಯ ಶಾಲಾ ವ್ಯಾಕರಣಗಳು ಇವನ್ನು 'ವರ್ಬ್ಸ್ ಆಫ್ ಇನ್‌ಕಂಪ್ಲೀಟ್ ಪ್ರೆಡಿಕೇಶನ್' ಅಂತ ಕರೆದದ್ದು ಸುಮ್ಮನೆ ಅಲ್ಲ.

ಭಾಷೆ_ಬುಟ್ಟಿ
ಪರೀಕ್ಷೆಗಳೇನೋ ಸರಿ. ನಮ್ಮ ಮಕ್ಕಳು ಯಾಕೆ ಇಲ್ಲೇ ಎಡವುತ್ತಾರೆ ಅಂತ ಯಾರೂ ಹೇಳಲಿಲ್ಲವಲ್ಲ. ಕಾರಣ ನಮ್ಮ 'ಆಗಿ'. 'ವೇಗವಾಗಿ ಓಡಿದ', 'ಸಾರು ರುಚಿಯಾಗಿದೆ': ಎರಡಕ್ಕೂ ಒಂದೇ 'ಆಗಿ'. 'ಚೆನ್ನಾಗಿ ಹಾಡಿದಳು', 'ಹಾಡು ಚೆನ್ನಾಗಿದೆ' ಕೂಡ ಹಾಗೇ. 'ಆಗಿ' ಅಂದರೆ 'ಲಿ' ಅಂತ ಒಮ್ಮೆ ತಲೆಯಲ್ಲಿ ಕೂತ ಮೇಲೆ 'ಸಾಂಬಾರ್ ಟೇಸ್ಟ್ಸ್ ನೈಸ್ಲಿ' ಬಾರದೆ ಇನ್ನೇನು ಬರುತ್ತದೆ?

ಕನ್ನಡದಲ್ಲೇ ಪರೀಕ್ಷಿಸಬಹುದು. 'ಆಗಿ'ಯನ್ನು 'ಆದ' ಮಾಡಿ ಕರ್ತೃವಿನ ಮುಂದೆ ಇಡಿ. 'ಸಾರು ರುಚಿಯಾಗಿದೆ', ಅಂದರೆ 'ರುಚಿಯಾದ ಸಾರು'. ಅರ್ಥ ಉಳಿಯಿತು, ಅಡ್ಜೆಕ್ಟಿವ್ ಬರೆಯಿರಿ. 'ರೈಲು ನಿಧಾನವಾಗಿ ನಿಂತಿತು' ಅನ್ನುವುದನ್ನು 'ನಿಧಾನವಾದ ರೈಲು' ಮಾಡಿದರೆ ಅರ್ಥ ಬದಲಾಯಿತು. ನಿಧಾನ ಎಂಬುದು ನಿಂತ ರೀತಿಗೆ ಸೇರಿದ್ದು. ಅಲ್ಲಿ 'ಸ್ಲೋಲಿ'.

ತುಂಗಾತೀರ
@ಭಾಷೆ_ಬುಟ್ಟಿ ಮೇಡಂ, ಕಾರಣ ಒಪ್ಪಿದೆ. ಆದರೆ ಎಲ್ಲ ಕಡೆ 'ಆಗಿ' ಇರುವುದಿಲ್ಲವಲ್ಲ. 'ಹೂವು ಘಮ್ಮಂತಿದೆ' ಅನ್ನುವುದನ್ನು ಹೇಗೆ ತಿರುಗಿಸೋದು? 'ಅವಳು ಸುಸ್ತಾದ ಹಾಗೆ ಕಾಣ್ತಾಳೆ' ಅನ್ನುವುದರಿಂದ ಇನ್ನೊಂದು ತಪ್ಪೇ ಹುಟ್ಟುತ್ತೆ: 'ಶಿ ಲುಕ್ಸ್ ಲೈಕ್ ಟಯರ್ಡ್'. ಆ 'ಹಾಗೆ' ಹೋಗಿ 'ಲೈಕ್' ಆಗಿ ಕೂರುತ್ತೆ. ಅಡ್ಜೆಕ್ಟಿವ್ ಇದ್ದರೆ 'ಲೈಕ್' ಬೇಡ, 'ಶಿ ಲುಕ್ಸ್ ಟಯರ್ಡ್' ಸಾಕು. ನಾಮಪದ ಬಂದರೆ ಮಾತ್ರ 'ಶಿ ಲುಕ್ಸ್ ಲೈಕ್ ಎ ಡಾಕ್ಟರ್'.

ಭಾಷೆ_ಬುಟ್ಟಿ
ನಿಜ, 'ಘಮ್ಮಂತಿದೆ' ಬಂದಾಗ ನಿಮ್ಮ 'ವಾಸ್' ಪರೀಕ್ಷೆಯೇ ಗತಿ. ನನ್ನದು ಆರಂಭದ ಮಕ್ಕಳಿಗೆ.

ಎಕ್ಸಾಮ್_ಗೈಡ್
ಆಗುವಿಕೆ ಹೇಳುವ ಗುಂಪನ್ನು ಎಲ್ಲರೂ ಬಿಟ್ಟಿರಿ. ಅಂಕ ಹೋಗೋದು ಅಲ್ಲೇ. ಕನ್ನಡದಲ್ಲಿ ಬಹುಮಟ್ಟಿಗೆ 'ಆಯ್ತು' ಒಂದರಲ್ಲೇ ಸಂಸಾರ ಸಾಗುತ್ತೆ. ಇಂಗ್ಲಿಷಿನಲ್ಲಿ ಪಾಲು ಹಂಚಿಕೊಂಡಿದ್ದಾರೆ. ಸಾಮಾನ್ಯವಾಗಿ ಕೆಟ್ಟದ್ದಕ್ಕೆ 'ಗೋ': ಗೋ ಬ್ಲೈಂಡ್, ಗೋ ಡೆಫ್, ಗೋ ಬಾಲ್ಡ್, ಗೋ ಬ್ಯಾಂಕ್‌ರಪ್ಟ್. ಆದರೆ 'ಗೋ ಓಲ್ಡ್', 'ಗೋ ಟಯರ್ಡ್' ಇಲ್ಲ, ಅಲ್ಲಿ 'ಗ್ರೋ' ಅಥವಾ 'ಗೆಟ್'. ಬಣ್ಣ, ವಯಸ್ಸಿಗೆ 'ಟರ್ನ್': ಎಲೆ ಟರ್ನ್ಸ್ ಯೆಲ್ಲೋ, ಶಿ ಟರ್ನ್ಡ್ ಫಾರ್ಟಿ. ಹಾಲು ಹುಳಿಯಾದರೆ 'ಟರ್ನ್ಡ್ ಸೋರ್' ಅಥವಾ 'ವೆಂಟ್ ಸೋರ್', ಎರಡೂ ಸರಿ. ಕನಸು ನನಸಾದರೆ 'ಕೇಮ್ ಟ್ರೂ', ಕಾಯಿಲೆ ಬಿದ್ದರೆ 'ಫೆಲ್ ಇಲ್', ಬಾವಿ ಬತ್ತಿದರೆ 'ರ‍್ಯಾನ್ ಡ್ರೈ'.

ನಾಮಪದ ಬಂದರೆ ಇವುಗಳಲ್ಲಿ ಹೆಚ್ಚಿನವು ಕೆಲಸಕ್ಕೆ ಬಾರವು, 'ಬಿಕಮ್' ಬೇಕು. 'ಹಿ ಗಾಟ್ ಎ ಡಾಕ್ಟರ್' ಅಂದರೆ ಅವನು ಡಾಕ್ಟರಾಗಲಿಲ್ಲ, ಅವನಿಗೊಬ್ಬ ಡಾಕ್ಟರು ಸಿಕ್ಕರು. 'ಟರ್ನ್' ಅಪರೂಪಕ್ಕೆ ನಾಮಪದ ತಗೊಳ್ಳುತ್ತೆ, ಆದರೆ 'ಎ' ಉದುರಿಹೋಗುತ್ತೆ: 'ಹಿ ಟರ್ನ್ಡ್ ಟ್ರೇಟರ್'.

ಹೈಸ್ಕೂಲ್_ಇಂಗ್ಲಿಷ್
'ಐ ಫೀಲ್ ಬ್ಯಾಡ್ಲಿ' ಅಂತ ಅಮೆರಿಕದವರೇ ಅಂತಾರಲ್ಲ? ಮತ್ತೆ 'ಐ ಫೀಲ್ ವೆಲ್' ಹೇಗೆ ಸರಿ?

ಕರಡು_ತಿದ್ದುವವ
ಅಲ್ಲಿ ಮಾತಿನಲ್ಲಿ ಬಳಕೆಯಿದೆ, ಸುಳ್ಳಲ್ಲ. ಉತ್ತರ ಪತ್ರಿಕೆಯಲ್ಲಿ 'ಫೀಲ್ ಬ್ಯಾಡ್' ಬರೆಸಿ, ತಕರಾರಿಗೆ ಜಾಗವಿಲ್ಲ. 'ವೆಲ್' ಮಾತ್ರ ಎರಡು ವೇಷದ ಪದ. ಆರೋಗ್ಯದ ಮಾತಾದರೆ ಅದೇ ಅಡ್ಜೆಕ್ಟಿವ್. ಊಟಕ್ಕೆ ಆ ರಿಯಾಯಿತಿ ಇಲ್ಲ, 'ಟೇಸ್ಟ್ಸ್ ಗುಡ್' ಅಂತಲೇ ಆಗಬೇಕು. 'ಲಿ' ಕಂಡ ಕೂಡಲೇ ಕೆಂಪು ಗೆರೆ ಎಳೆಯುವ ಚಟವೂ ಬೇಡ. ಫ್ರೆಂಡ್ಲಿ, ಲವ್ಲಿ, ಲೋನ್ಲಿ ಅಡ್ಜೆಕ್ಟಿವ್‌ಗಳೇ. 'ಹಿ ಸೀಮ್ಸ್ ಲೋನ್ಲಿ' ಸರಿಯಾಗಿದೆ.

ಎಕ್ಸಾಮ್_ಗೈಡ್
'ದ ಮೇನ್ ಪ್ರಾಬ್ಲಮ್ ಆರ್ ಸ್ಟ್ರೇ ಡಾಗ್ಸ್' ಕೂಡ ಇದೇ ಜಾತಿಯ ಬಲೆ. ಮುಂದೆ ಎಷ್ಟು ನಾಯಿಗಳಿದ್ದರೂ ಕ್ರಿಯಾಪದ ನೋಡುವುದು ಕರ್ತೃವನ್ನು. ಪ್ರಾಬ್ಲಮ್ ಒಂದೇ, ಆದ್ದರಿಂದ 'ಈಸ್'.

ಭಾಷೆ_ಬುಟ್ಟಿ
ಮಕ್ಕಳು 'ಮೈ ಫಾದರ್ ಟೀಚರ್' ಅಂತ 'ಈಸ್' ನುಂಗಿದರೂ ಬೈಯಬೇಡಿ. 'ನಮ್ಮಪ್ಪ ಮೇಷ್ಟ್ರು' ಎಂಬ ನಮ್ಮ ವಾಕ್ಯಕ್ಕೆ ಕ್ರಿಯಾಪದವೇ ಬೇಡ. ತಮಾಷೆ ಏನೆಂದರೆ, ದೊಡ್ಡವರು ಇದರ ಉಲ್ಟಾ ಮಾಡ್ತಾರೆ. 'ಈಸ್' ಕಂಡಲ್ಲೆಲ್ಲ 'ಆಗಿದೆ' ಜಡಿದು 'ಬೆಂಗಳೂರು ಕರ್ನಾಟಕದ ರಾಜಧಾನಿಯಾಗಿದೆ' ಅಂತ ಬರೀತಾರೆ. 'ರಾಜಧಾನಿ' ಅಂತ ನಿಲ್ಲಿಸಿದರೆ ಏನು ಕಮ್ಮಿ?

ತುಂಗಾತೀರ
ಒಪ್ಪಿದೆ. @ಹೈಸ್ಕೂಲ್_ಇಂಗ್ಲಿಷ್ ಸರ್, ಪಟ್ಟಿಯ ಬದಲು ಜೋಡಿ ವಾಕ್ಯ ಕೊಡಿ: 'ಶಿ ಲುಕ್ಡ್ ಆ್ಯಂಗ್ರಿ', 'ಶಿ ಲುಕ್ಡ್ ಆ್ಯಂಗ್ರಿಲಿ ಅಟ್ ಹಿಮ್'. 'ದ ಬಾಯ್ ಗ್ರೂ ಟಾಲ್', 'ದ ಫಾರ್ಮರ್ ಗ್ರೂ ಟೊಮ್ಯಾಟೋಸ್'. ಪ್ರತಿ ಜೋಡಿಯಲ್ಲೂ ಗುಣ ಯಾರದು, ಕೆಲಸ ಯಾರದು ಅಂತ ಮಕ್ಕಳೇ ಹೇಳಲಿ. ಉತ್ತರ ಬಂದ ಮೇಲಷ್ಟೇ 'ಸ್ಮೆಲ್ಸ್ ಸ್ವೀಟ್' ಬೋರ್ಡಿಗೆ ಬರಲಿ.

ಕರಡು_ತಿದ್ದುವವ
ಜೊತೆಗೆ 'ದ ಸೂಪ್ ಈಸ್ ಟೇಸ್ಟಿಂಗ್ ಸಾಲ್ಟಿ' ಬರೆದವರನ್ನೂ ವಿಚಾರಿಸಿಕೊಳ್ಳಿ. 'ಐ ಆ್ಯಮ್ ಫೀಲಿಂಗ್ ಬೆಟರ್', 'ಯು ಆರ್ ಲುಕಿಂಗ್ ವೆಲ್' ನಡೆಯುತ್ತವೆ. ಟೇಸ್ಟ್, ಸ್ಮೆಲ್, ಸೀಮ್ ಲಿಂಕಿಂಗ್ ಆಗಿರುವಾಗ 'ಇಂಗ್' ಬೇಡ.