ಹಬ್ ಸೀಲ್‌ಗೆ ಕನ್ನಡದಲ್ಲಿ ಏನು? ನಾಳೆಗೆ ಬೇಕು

ಕುಶಾಲನಗರದ ಒಂದು ಗ್ಯಾರೇಜಿಗೆ ಕೆಲಸದ ಹಾಳೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಗೋಡೆಗೆ ಅಂಟಿಸೋದು, ನಾಳೆ ಪ್ರಿಂಟಿಗೆ ಕೊಡಬೇಕು. ಪಿಕಪ್ ಗಾಡಿಯ ಹಿಂದಿನ ಆಕ್ಸಲ್‌ನ ಹಬ್ ಸೀಲ್ (ಚಕ್ರದ ನಡುಭಾಗವಾದ ಹಬ್‌ನಲ್ಲಿ ಎಣ್ಣೆ ಸೋರದಂತೆ ತಡೆಯುವ ಬಳೆ) ಬದಲಿಸುವ ಕ್ರಮ ಅದರಲ್ಲಿದೆ. ಸೀಲ್ ಸವೆದರೆ ಗೇರ್ ಆಯಿಲ್ ಬ್ರೇಕ್ ಡ್ರಮ್ಮಿಗೆ ಇಳಿದು ಬ್ರೇಕ್ ಶೂ ನೆನೆಯುತ್ತದೆ. ಕಾಫಿ ಮೂಟೆ ಹೇರಿಕೊಂಡು ಸಂಪಾಜೆ ಘಾಟಿ ಇಳಿಯುವ ಗಾಡಿಗೆ ಹೀಗಾಗಬಾರದು. ಹಬ್, ಸೀಲ್, ಲಿಪ್ (ಸೀಲ್‌ನಲ್ಲಿ ಎಣ್ಣೆ ತಡೆಯುವ ರಬ್ಬರ್ ಭಾಗ), ಈ ಮೂರಕ್ಕೆ ಪದ ಬೇಕು. ಸ್ನೇಹಿತರೊಬ್ಬರು ‘ನಾಭಿಮುದ್ರೆ’, ‘ತುಟಿ’ ಅಂತ ಕೊಟ್ಟಿದ್ದಾರೆ. ಸರಿಯಾ?

ಉತ್ತರ:

ನಾಭಿಮುದ್ರೆ ಬೇಡವೇ ಬೇಡ. ಮುದ್ರೆ ಅಂದರೆ ಒತ್ತೋದು. ಇದು ತಡೆಯೋದು. ‘ಎಣ್ಣೆತಡೆ’ ಅನ್ನಿ. ಆಕ್ಸಲ್ ಕೂಡ ತೆಗೆದು ‘ಅಚ್ಚು’ ಮಾಡಿ. ಎತ್ತಿನ ಗಾಡಿಗೆ ಅಚ್ಚು ಇತ್ತು, ಕಡಾಣಿ ಇತ್ತು, ಕೀಲೆಣ್ಣೆ ಇತ್ತು. ಪಿಕಪ್ ಬಂದ ಕೂಡಲೇ ನಮ್ಮ ಮಾತು ಸತ್ತುಹೋಯಿತೇ?

ಉತ್ತರ:

ಮುದ್ರೆ ಬೇಡ ಅನ್ನೋದಕ್ಕೆ ನನ್ನ ಒಪ್ಪಿಗೆ ಇದೆ. ಪತ್ರಿಕೆಯವರ ‘ಬೀಗಮುದ್ರೆ’ ಅಂಗಡಿ ಬಾಗಿಲಿಗೆ ಸರಿ, ಆಕ್ಸಲ್‌ಗಲ್ಲ. ಆದರೆ ಅಚ್ಚು ಶುದ್ಧ ಕನ್ನಡ ಅಂತ ಅಷ್ಟು ಗಟ್ಟಿಯಾಗಿ ಹೇಳಬೇಡಿ. ಅದು ಸಂಸ್ಕೃತದ ‘ಅಕ್ಷ’ದ ತದ್ಭವ ಅನ್ನುವವರಿದ್ದಾರೆ. ಶುದ್ಧತೆಯೇ ಅಳತೆಯಾದರೆ ಚಾವಿ ಪೋರ್ಚುಗೀಸಿನದು, ಜಮೀನು ಪಾರಸಿಯದು. ಮೂಟೆಯಲ್ಲಿರುವ ಕಾಫಿಯ ಹೆಸರೂ ಅರಬ್ಬಿ ಮೂಲದ್ದೇ. ಅದನ್ನೂ ಕೊಡಗಿನಿಂದ ಹೊರಗೆ ಹಾಕೋಣವೇ?

ಹುಡುಗ ಅಂಗಡಿಗೆ ಹೋಗಿ ಎಣ್ಣೆತಡೆ ಕೇಳಿದರೆ ಬರಿಗೈಲಿ ವಾಪಸ್ ಬರುತ್ತಾನೆ. ಹಬ್, ಆಯಿಲ್ ಸೀಲ್ ಹಾಗೇ ಇರಲಿ.

ಲಿಪ್ ವಿಷಯ ಬೇರೆ. ದಯವಿಟ್ಟು ‘ತುಟಿ’ ಬರೆಯಬೇಡಿ. ಪಾತ್ರೆಗೆ ನಾವು ಬಾಯಿ, ಕಂಠ, ಅಂಚು ಅಂತೀವಿ. ಇದಕ್ಕೆ ‘ಅಂಚು’ ಸಾಕು. ಹಾಗೆ ಬರೆದ ಮೇಲೆ ಪಕ್ಕದಲ್ಲಿ ‘ಅಚ್ಚು’ ಇರಬಾರದು, ಎಣ್ಣೆ ಕೈಯಲ್ಲಿ ಓದುವವನಿಗೆ ಎರಡೂ ಒಂದೇ ಥರ ಕಾಣುತ್ತವೆ. ಆದ್ದರಿಂದ ಆಕ್ಸಲ್ ಆಕ್ಸಲ್ಲೇ ಆಗಿರಲಿ.

ನಿಮ್ಮ ಶ್ರಮವೆಲ್ಲ ಕ್ರಿಯಾಪದಕ್ಕೆ ಹೋಗಲಿ. ‘ಸ್ಥಾಪಿಸಿ’ ಅಂದರೆ ಯಾರಿಗೂ ಏನೂ ಹೊಳೆಯೋದಿಲ್ಲ. ‘ಸ್ಪ್ರಿಂಗ್ ಇರುವ ಅಂಚು ಎಣ್ಣೆಯ ಕಡೆಗೆ ಇರಲಿ. ಅಂಚಿಗೆ ಎಣ್ಣೆ ಸವರಿ. ಒಂದೇ ಕಡೆ ಬಡಿಯಬೇಡಿ, ಸುತ್ತಲೂ ಸಮನಾಗಿ ಕೂರಿಸಿ’ ಅಂತ ಬರೆಯಿರಿ. ಸೀಲ್ ಕೂರುವ ಜಾಗದಲ್ಲಿ ಗೀರು ಬಿದ್ದಿದೆಯಾ, ಬೇರಿಂಗ್ ಆಡುತ್ತಿದೆಯಾ ಅಂತ ನೋಡಲು ಹೇಳಿ. ಬ್ರೀದರ್ (ಆಕ್ಸಲ್ ಒಳಗಿನ ಗಾಳಿ ಹೊರಬಿಡುವ ಕಿಂಡಿ) ಕಟ್ಟಿಕೊಂಡಿದ್ದರೆ ಒಳಗೆ ಒತ್ತಡ ಏರಿ ಹೊಸ ಸೀಲೂ ಸೋರುತ್ತದೆ. ಇದನ್ನು ಬಿಡಬೇಡಿ. ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ ಬರಬೇಕಾದ ಸಾಲು: ‘ಎಣ್ಣೆ ಕುಡಿದ ಬ್ರೇಕ್ ಶೂ ತೊಳೆದು ಮತ್ತೆ ಹಾಕಬೇಡಿ. ಎರಡೂ ಚಕ್ರದ್ದು ಬದಲಿಸಿ.’

ಉತ್ತರ:

ಅಂಚು ಒಪ್ಪಿದೆ. ಶೂ ಸಾಲೂ ಒಪ್ಪಿದೆ. ಉಳಿದದ್ದು ಸೋಮಾರಿತನ. ಕಾಫಿ ಹೊರಗಿನಿಂದ ಬಂದ ಬೆಳೆ, ಹೆಸರೂ ಜೊತೆಗೇ ಬಂತು. ಸೋರೋದನ್ನು ತಡೆಯೋದು ನಮಗೆ ಹೊಸದಲ್ಲ. ಅಂಗಡಿಯವನಿಗೆ ಗೊತ್ತಿಲ್ಲ ಅಂತ ಪದ ಬಿಟ್ಟರೆ ಅವನಿಗೆ ಎಂದಿಗೂ ಗೊತ್ತಾಗೋದಿಲ್ಲ. ಹಾಳೆಯಲ್ಲಿ ‘ಎಣ್ಣೆತಡೆ’ ಬರೆದು ಕೆಳಗೆ ‘ಆಯಿಲ್ ಸೀಲ್’ ಹಾಕಿ. ಒಂದು ಸಾಲಿನ ಜಾಗವೂ ಕನ್ನಡಕ್ಕೆ ಇಲ್ಲವೇ?